ಆಫೀಸ್ ಚಾಟ್‌ನಲ್ಲಿ ತಪ್ಪಿಲ್ಲದೆ ಇಂಗ್ಲಿಷ್ ಬರೀತೀನಿ, ಮೀಟಿಂಗ್‌ನಲ್ಲಿ ಬಾಯಿ ಕಟ್ಟುತ್ತೆ. ಗ್ರಾಮರ್ ಮತ್ತೆ ಮೊದಲಿಂದ ಓದಬೇಕಾ?

ಖಂಡಿತ ಬೇಡ. ಆಫೀಸ್ ಚಾಟ್‌ನಲ್ಲಿ ತಪ್ಪಿಲ್ಲದೆ ಬರೀತೀನಿ ಅಂತ ನೀವೇ ಹೇಳಿದ್ದೀರಿ. ಅಲ್ಲಿಗೆ ಗ್ರಾಮರ್ ಚಿಂತೆ ಮುಗೀತು. ಕನ್ನಡ ಮೀಡಿಯಂನಲ್ಲಿ ಓದಿ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿದವರಿಗೆ ನಾನು ಸಂಜೆ ಹೊತ್ತು ಇಂಗ್ಲಿಷ್ ಹೇಳಿಕೊಡ್ತೀನಿ. ಬಹುಪಾಲು ಜನರ ದೂರು ಇದೇ.

ಎದುರಾಬದುರು ಮಾತಲ್ಲಿ ಸಮಯ ಸಿಗೋದೇ ಇಲ್ಲ. ಹತ್ತು ಭಾಷೆಗಳ ಮಾತುಕತೆ ಅಳೆದ 2009ರ ಒಂದು ಅಧ್ಯಯನದಲ್ಲಿ, ಪ್ರಶ್ನೆ ಮುಗಿದು ಉತ್ತರ ಶುರುವಾಗೋಕೆ ಹಿಡಿದದ್ದು ಸರಾಸರಿ 200 ಮಿಲಿಸೆಕೆಂಡ್ ಆಸುಪಾಸು, ಅಂದ್ರೆ ಒಂದು ಸೆಕೆಂಡಿನ ಐದನೇ ಒಂದು ಭಾಗ. ಕನ್ನಡದಲ್ಲಾದ್ರೆ 'ನಾನು ಆ ಫೈಲನ್ನ ನಿನ್ನೆ ಸಂಜೆನೇ ಅವರಿಗೆ...' ಅಂತ ಎಳೀತಾ ಎಳೀತಾ ಕ್ರಿಯಾಪದ ಹುಡುಕಬಹುದು. ಇಂಗ್ಲಿಷ್‌ನಲ್ಲಿ 'ಐ' ಅಂದ ಮರುಕ್ಷಣ 'ಸೆಂಟ್' ಅನ್ನಬೇಕೋ 'ಹ್ಯಾವ್ ಸೆಂಟ್' ಅನ್ನಬೇಕೋ ತೀರ್ಮಾನ ಆಗಿರಬೇಕು. ಚಾಟ್‌ನಲ್ಲಿ ಅದನ್ನ ಎರಡು ಸಲ ಅಳಿಸಿ ಬರೆದರೂ ಯಾರಿಗೂ ಕಾಣಲ್ಲ. ಮಾರ್ಕ್ ವಾರ್ಶವರ್ ಅನ್ನೋ ಸಂಶೋಧಕರು ಇಂಗ್ಲಿಷ್ ಕಲಿಯೋ ವಿದ್ಯಾರ್ಥಿಗಳ ಚರ್ಚೆಯನ್ನ ಎದುರಾಬದುರಾಗಿಯೂ ಕಂಪ್ಯೂಟರ್‌ನಲ್ಲಿ ಬರೆದೂ ಮಾಡಿಸಿ 1996ರಲ್ಲೇ ಹೋಲಿಸಿದ್ರು: ಕಂಪ್ಯೂಟರ್‌ನಲ್ಲಿ ಮಾತು ಹೆಚ್ಚು ಸಮವಾಗಿ ಹಂಚಿಹೋಯ್ತು, ವಾಕ್ಯಗಳೂ ಹೆಚ್ಚು ಸಂಕೀರ್ಣವಾಗಿದ್ವು.

ಆದರೆ ಚಾಟ್ ಒಂದನ್ನ ಕಲಿಸಲ್ಲ, ಅರ್ಥವಾಗದಿದ್ದಾಗ ಬಾಯಿಬಿಟ್ಟು ಕೇಳೋದು. ಅಲ್ಲಿ ಮೇಲಕ್ಕೆ ಸ್ಕ್ರೋಲ್ ಮಾಡ್ತೀವಿ, ಗೂಗಲ್ ಟ್ರಾನ್ಸ್‌ಲೇಟ್‌ಗೆ ಹಾಕ್ತೀವಿ. ನಮ್ಮ ಬ್ಯಾಚ್‌ನ ಒಬ್ಬ ಹುಡುಗಿಗೆ ಮ್ಯಾನೇಜರ್ 'ಲೂಪ್ ಇನ್ ಫೈನಾನ್ಸ್ ಬಿಫೋರ್ ಇಒಡಿ' (ದಿನ ಮುಗಿಯೋದ್ರೊಳಗೆ ಫೈನಾನ್ಸ್‌ನವರನ್ನೂ ಇದರಲ್ಲಿ ಸೇರಿಸಿಕೊ) ಅಂದಿದ್ದಕ್ಕೆ ಜೋರಾಗಿ ತಲೆಯಾಡಿಸಿ 'ಯೆಸ್ ಸರ್' ಅಂದಳಂತೆ. ಸೀಟಿಗೆ ಬಂದು ಪಕ್ಕದವಳನ್ನ ಕೇಳಿದ್ದು, 'ಏನ್ ಮಾಡ್ಬೇಕಂತೆ ಕಣೇ?'

ಇಂಥ ಕಡೆ ಬರೀ 'ಪಾರ್ಡನ್' ಅನ್ನಬೇಡಿ, ಅವರು ಅದೇ ಮಾತನ್ನ ಇನ್ನೂ ಜೋರಾಗಿ ಹೇಳ್ತಾರೆ ಅಷ್ಟೆ. ತಿಳಿದಷ್ಟನ್ನ ವಾಪಸ್ ಕೊಟ್ಟು, ತಿಳಿಯದ್ದನ್ನ ಮಾತ್ರ ಕೇಳಿ: 'ಬಿಫೋರ್ ಇಒಡಿ, ಓಕೆ. ವಾಟ್ ಶುಡ್ ಐ ಸೆಂಡ್ ಟು ಫೈನಾನ್ಸ್?' ಆಗ ಅವರೇ ಬಿಡಿಸಿ ಹೇಳ್ತಾರೆ. ಇಂಥ ಕೇಳಿ-ಬಿಡಿಸೋ ಗಳಿಗೆಗಳು ಭಾಷೆ ಕಲಿಯೋಕೆ ನೆರವಾಗುತ್ವೆ ಅಂತ ಮೈಕೆಲ್ ಲಾಂಗ್ ಎಂಬ ಭಾಷಾವಿಜ್ಞಾನಿ 1980ರ ದಶಕದಿಂದಲೂ ವಾದಿಸಿದ್ರು. ನನ್ನ ತರಗತಿಯಲ್ಲಿ ನೋಡಿದ್ದೂ ಅದನ್ನೇ.

ವಿಡಿಯೋ ಕಾಲ್ ಮಾತ್ರ ತ್ರಿಶಂಕು ಸ್ವರ್ಗ. ದನಿ ಒಂಚೂರು ತಡವಾಗಿ ಬರುತ್ತೆ, ಕ್ಯಾಮೆರಾ ಆಫ್ ಇರುತ್ತೆ, ಇಬ್ಬರೂ ಒಟ್ಟಿಗೆ ಬಾಯಿ ತೆಗೆದು ಇಬ್ಬರೂ ನಿಲ್ಲಿಸ್ತಾರೆ. ಹೇಳಬೇಕಾದ ಮೊದಲ ಸಾಲನ್ನ ಚಾಟ್ ಬಾಕ್ಸ್‌ನಲ್ಲಿ ಹಾಕಿ, ಆಮೇಲೆ ಮೈಕ್ ಆನ್ ಮಾಡಿ.

ಅಭ್ಯಾಸಕ್ಕೆ ವಾಟ್ಸಾಪ್ ವಾಯ್ಸ್ ನೋಟ್ ಸಾಕು. ಗೆಳೆಯರೊಬ್ಬರ ಜೊತೆ ದಿನಾ ಇಂಗ್ಲಿಷ್‌ನಲ್ಲೇ ಕಳಿಸಿ, ಡಿಲೀಟ್ ಮಾಡಿ ಮತ್ತೆ ರೆಕಾರ್ಡ್ ಮಾಡೋ ಹಾಗಿಲ್ಲ ಅನ್ನೋ ಒಂದೇ ಷರತ್ತು. ಅಮೆರಿಕನ್ ಆ್ಯಕ್ಸೆಂಟ್ ಕೋರ್ಸ್‌ಗೆ ದುಡ್ಡು ಸುರೀಬೇಡಿ, ನಿಮ್ಮ ಟೀಮ್ ಲೀಡ್ ಚೆನ್ನೈಯವರೋ ಪುಣೆಯವರೋ ಆಗಿರೋ ಸಾಧ್ಯತೆನೇ ಹೆಚ್ಚು.