ಮೆಣಸಿನಕಾಯಿ ಸಾಗಿಸಲು ಡೀಸೆಲ್ ಗಾಡಿಯೋ, ಎಲೆಕ್ಟ್ರಿಕ್ ಗಾಡಿಯೋ?

ಹಾವೇರಿ ಸುತ್ತಲ ಹಳ್ಳಿಗಳಿಂದ ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಒಯ್ಯಲು ಯಾವ ಸಣ್ಣ ಗೂಡ್ಸ್ ಗಾಡಿ ತಗೋಬೇಕು ಅಂತ ಕೇಳಿದ್ದೀರಿ. ಟನ್ ಲೆಕ್ಕಕ್ಕಿಂತ ಮೊದಲು ಹಿಂದಿನ ಬಾಡಿಯ ಉದ್ದ ನೋಡಿ. ಒಣ ಮೆಣಸಿನಕಾಯಿ ಹಗುರ, ಜಾಗ ಮಾತ್ರ ಜಾಸ್ತಿ ತಿನ್ನುತ್ತದೆ. ತೂಕ ತುಂಬುವ ಮೊದಲೇ ಚೀಲಗಳು ಕ್ಯಾಬಿನ್ ದಾಟಿ ಮೇಲೇರಿರುತ್ತವೆ. ಮೆಕ್ಕೆಜೋಳವನ್ನೂ ಹೇರುವುದಾದರೆ ಲೆಕ್ಕ ಬೇರೆ. ಆಗ ಆರ್‌ಸಿಯಲ್ಲಿರುವ (ಗಾಡಿಯ ನೋಂದಣಿ ಪತ್ರ) ಒಟ್ಟು ತೂಕದಿಂದ ಖಾಲಿ ಗಾಡಿಯ ತೂಕ ಕಳೆಯಿರಿ. ಉಳಿದದ್ದೇ ಹೇರಬಹುದಾದ ತೂಕ, ಅದರಲ್ಲಿ ಡ್ರೈವರ್ ತೂಕವೂ ಸೇರಿದೆ.

ದಿನಾ ಅದೇ ದಾರಿ, ರಾತ್ರಿ ಮನೆಯಲ್ಲೇ ಚಾರ್ಜಿಂಗ್ ಅಂದ್ರೆ ಎಲೆಕ್ಟ್ರಿಕ್ಕೇ ನನ್ನ ಆಯ್ಕೆ. ಹೊಗೆ ಇಲ್ಲ, ಎಂಜಿನ್ ಆಯಿಲ್ ಖರ್ಚೂ ಇಲ್ಲ. ಆದರೆ ಲೋಡ್ ಇದ್ದಾಗ ರೇಂಜ್, ಅಂದ್ರೆ ಒಂದು ಚಾರ್ಜ್‌ಗೆ ಓಡುವ ದೂರ, ಇಳಿಯುತ್ತದೆ. ಖಾಲಿ ಗಾಡಿ ಓಡಿಸಿ ಸುಮ್ನೆ ಒಪ್ಪಬೇಡಿ, ಚೀಲ ಹೇರಿಯೇ ಟ್ರಯಲ್ ಕೇಳಿ. ಬೆಂಗಳೂರಿನವರೆಗೆ ಬಾಡಿಗೆ ಹೋಗುವವರಾದರೆ ಸದ್ಯ ಡೀಸೆಲ್ಲೇ ಇರಲಿ.