ಭಟ್ರು ಪೂಜೆಗೆ, ದೈವ ನ್ಯಾಯಕ್ಕೆ

ದೇವಸ್ಥಾನದಲ್ಲಿ ಭಟ್ರು ಇರುವಾಗ ಕಾಸರಗೋಡಿನ ಜನ ಕಷ್ಟ ಬಂದರೆ ದೈವದ ಮುಂದೆ ಯಾಕೆ ನಿಲ್ಲುತ್ತಾರೆ ಅಂತ ಕೇಳಿದ್ದೀರಿ. ಭಟ್ರು ನಮ್ಮ ಪರವಾಗಿ ದೇವರಿಗೆ ಹೇಳುತ್ತಾರೆ. ದೈವ ಅಂದರೆ ನಮ್ಮ ಊರು, ಮನೆ ಕಾಯುವ ಶಕ್ತಿ. ಅದು ಮನುಷ್ಯನ ಮೈಮೇಲೆ ಬಂದು ನಮಗೇ ತಿರುಗಿ ಮಾತಾಡುತ್ತದೆ. ನಮಗೆ ಆ ಉತ್ತರ ಬೇಕು.

ಮಧೂರಿನ ಗಣಪತಿಗೆ ಅಪ್ಪದ ಸೇವೆ ಮಾಡಿಸಲು ನಾವೂ ಹೋಗುತ್ತೇವೆ. ಆದರೆ ಅಣ್ಣತಮ್ಮಂದಿರ ಜಾಗದ ತಕರಾರು, ಕೂಡಿ ಬರದ ಮದುವೆ, ಹಟ್ಟಿಯಲ್ಲಿ ಒಂದರ ಹಿಂದೆ ಒಂದು ಸಾಯುವ ದನ, ಇದನ್ನೆಲ್ಲ ಗರ್ಭಗುಡಿಯ ಮುಂದೆ ಬಿಚ್ಚಿಡಲು ಆಗುವುದಿಲ್ಲ, ಅಲ್ವಾ? ಅದನ್ನು ಪಂಜುರ್ಲಿ, ಧೂಮಾವತಿ, ಗುಳಿಗ ಎಂಬ ದೈವಗಳ ಮುಂದೆ ಇಡುತ್ತೇವೆ. ಕಳೆದುಹೋದ ವಸ್ತುವಿಗೆ ಕೊರಗಜ್ಜನಿಗೆ ಹರಕೆ ಹೇಳುತ್ತೇವೆ. ಚಕ್ಕುಲಿ, ವೀಳ್ಯ, ಕಳ್ಳು ಸಾಕು ಅವನಿಗೆ.

ದೊಡ್ಡ ತೊಂದರೆಯಾದರೆ ಮೊದಲು ಜ್ಯೋತಿಷಿಯನ್ನು ಕರೆಸಿ ಪ್ರಶ್ನೆ ಇಡಿಸುವುದುಂಟು. ನಾವು ಕೊಟ್ಟ ವೀಳ್ಯದೆಲೆ ಎಣಿಸಿಯೋ ಕವಡೆ ಹರಡಿಯೋ ನೋಡುತ್ತಾರೆ. ಈ ವಿದ್ಯೆಗೆ ದಕ್ಷಿಣದ ಪಯ್ಯನ್ನೂರಿನ ಪೊದುವಾಳ ಸಮುದಾಯದವರು ಹೆಸರುವಾಸಿ. ತರವಾಡಿನ, ಅಂದರೆ ಕುಟುಂಬದ ಮೂಲಮನೆಯ, ದೈವಕ್ಕೆ ಸೇವೆ ಬಾಕಿ ಇದೆ ಅಂತ ಅಲ್ಲಿ ಬಂದರೆ ಮಾತು ಕೋಲದ ಅಂಗಳಕ್ಕೆ ಬರುತ್ತದೆ. ಕೋಲ ಅಂದರೆ ದೈವದ ವೇಷ ಕಟ್ಟಿ ಕುಣಿಯುವ ಸೇವೆ.

ಅಲ್ಲಿ ಇಬ್ಬರನ್ನು ನೀವು ಬೇರೆ ಮಾಡಿ ನೋಡಬೇಕು. ದರ್ಶನ ಬರುವ, ಅಂದರೆ ಮೈಮೇಲೆ ದೈವ ಬರುವ, ಪಾತ್ರಿ ಬೇರೆ, ಬೆನ್ನಿಗೆ ಅಣಿ ಎಂಬ ಪ್ರಭಾವಳಿ, ಕಾಲಿಗೆ ಗಗ್ಗರ ಕಟ್ಟಿ ಕೋಲ ಕೊಡುವವರು ಬೇರೆ. ಪಾತ್ರಿ ಊರಿನವರೇ. ಉಳಿದ ದಿನ ತೋಟದ ಕೆಲಸವೋ ಅಂಗಡಿಯೋ. ವೇದ ಕಲಿತವರಲ್ಲ. ವ್ರತ ಹಿಡಿಯಬೇಕು, ಊರು ಒಪ್ಪಿರಬೇಕು. ಕೋಲ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ಕೋಲಕ್ಕೆ ಮುನ್ನ ಕೊಡುವ ಎಣ್ಣೆ, ವೀಳ್ಯ, ಅಂದರೆ ಎಣ್ಣೆಬೂಳ್ಯ ಹಿಡಿದ ಮೇಲೆ ಅವರು ಆ ದೈವಕ್ಕೆ ಸೇರಿದವರು. ದೈವದ ಕಥೆ ಹೇಳುವ ಪಾಡ್ದನ, ಬಣ್ಣ, ದೈವವಾಗಿ ಆಡುವ ನುಡಿ ಎಲ್ಲವೂ ಹಿರಿಯರಿಂದ ಬಂದ ಕಲಿಕೆ. ಎಷ್ಟು ವರ್ಷದ ಸಾಧನೆ ಅದು!

ನುಡಿಯ ಹೊತ್ತು ಬಂದಾಗ ಮನೆಯ ಯಜಮಾನರು ಕೈ ಮುಗಿದು ಅರಿಕೆ ಮಾಡುತ್ತಾರೆ. ದೈವ ಕೇಳುತ್ತದೆ, ಗದರುತ್ತದೆ, ಅಭಯ ಕೊಡುತ್ತದೆ. ಕೆಲವೊಮ್ಮೆ ಇಬ್ಬರು ದಾಯಾದಿಗಳನ್ನು ಹತ್ತಿರ ಕರೆದು ಊರಿನ ಎದುರೇ ಮಾತು ತೆಗೆದುಕೊಳ್ಳುತ್ತದೆ. ಕೋರ್ಟಿನಲ್ಲಿ ಸುಳ್ಳು ಹೇಳುವವನೂ ಅಲ್ಲಿ ಹೇಳಲು ಹೆದರುತ್ತಾನೆ. ಹಾಗಂತ ಬಾಯಿಗೆ ಬಂದದ್ದನ್ನು ನುಡಿಯುವಂತಿಲ್ಲ. ಗುತ್ತು ಎಂಬ ಊರಿನ ಹಿರಿಮನೆಯವರು, ಮುಖ್ಯಸ್ಥರಾದ ಗುರಿಕಾರರು ಪಕ್ಕದಲ್ಲೇ ಇದ್ದು ಕಟ್ಟುಕಟ್ಟಳೆ ನೋಡುತ್ತಾರೆ. ಕಾಯಿಲೆಗೆ ಮಾತ್ರ ನಾವು ಮಂಗಳೂರಿನ ಆಸ್ಪತ್ರೆಗೇ ಓಡುವುದು. ಕೋಲದ ಹರಕೆ ಅದರ ಜೊತೆಗೆ.

1956ರಲ್ಲಿ ನಾವು ಕೇರಳಕ್ಕೆ ಸೇರಿದೆವು. ದೈವಗಳಿಗೆ ಆ ಗಡಿ ಇಲ್ಲ. ಮಂಜೇಶ್ವರ, ಕುಂಬಳೆ ಕಡೆ ದೈವ ತುಳುವಿನಲ್ಲಿ ನುಡಿಯುತ್ತದೆ. ಚಂದ್ರಗಿರಿ ಹೊಳೆ ದಾಟಿದರೆ ಕೋಲದಂಥದ್ದೇ ತೆಯ್ಯಂ, ಮಾತು ಮಲಯಾಳ. ಮನೆಯಲ್ಲಿ ಕನ್ನಡ ಆಡುವ ನಾವು ಎರಡೂ ಕಡೆ ಕೈ ಮುಗಿಯುತ್ತೇವೆ. ವಿಷ್ಣುಮೂರ್ತಿ ದೈವದ ಕಥೆಯೇ ನೋಡಿ. ನೀಲೇಶ್ವರದ ಪಾಲಂದಾಯಿ ಕಣ್ಣನ್ ಎಂಬ ಹುಡುಗ ಮಾವಿನಹಣ್ಣಿನ ವಿಷಯಕ್ಕೆ ಊರಿನ ಯಜಮಾನ ಕುರುಪ್ಪಿನ ಸಿಟ್ಟಿಗೆ ಹೆದರಿ ಮಂಗಳೂರಿಗೆ ಓಡಿದ. ಅಲ್ಲಿ ಈ ದೈವವನ್ನು ನಂಬಿದ. ಊರಿಗೆ ಮರಳಿದಾಗ ಕುರುಪ್ಪು ಅವನನ್ನು ಕೊಂದ. ಆಮೇಲೆ ಬಂದ ಅನಾಹುತಕ್ಕೆ ಹೆದರಿ ಕೊಂದವನೇ ದೈವವನ್ನು ನೆಲೆಗೊಳಿಸಿದ. ಇಂದಿಗೂ ಸುಳ್ಯದ ಕಡೆಯೂ ವಿಷ್ಣುಮೂರ್ತಿಗೆ ಒತ್ತೆಕೋಲ ಎಂಬ ಕೆಂಡಸೇವೆ ನಡೆಯುತ್ತದೆ.

ಮಂಜೇಶ್ವರದ ಉದ್ಯಾವರ ಮಾಡ ಎಂಬ ದೈವಸ್ಥಾನದಲ್ಲಿ ಇನ್ನೂ ಚಂದ. ಅರಸು ಮಂಜಿಷ್ಣಾರ್ ದೈವಗಳ ಜಾತ್ರೆಗೆ ಮುನ್ನ ಪಾತ್ರಿಗಳೇ ಮಸೀದಿಗೆ ಹೋಗಿ ಜಮಾತಿನವರನ್ನು ಕರೆಯುತ್ತಾರೆ. ಅವರೂ ಬರುತ್ತಾರೆ. ಇದು ಯಾರೋ ಈಚೆಗೆ ಸುಮ್ನೆ ಶುರು ಮಾಡಿದ ಸೌಹಾರ್ದ ಕಾರ್ಯಕ್ರಮವಲ್ಲ, ಹಿಂದಿನಿಂದ ಬಂದ ಕ್ರಮ.

ಒಂದು ವಿಷಯ ಮಾತ್ರ ನನಗೆ ಸಹಿಸಲು ಆಗುವುದಿಲ್ಲ. ರಾತ್ರಿಯಿಡೀ ಗುತ್ತಿನ ಯಜಮಾನರು ಯಾರ ಮುಂದೆ ತಲೆ ಬಾಗಿ ನಿಂತಿದ್ದರೋ, ಬಣ್ಣ ತೊಳೆದ ಮೇಲೆ ಅದೇ ಮನುಷ್ಯನಿಗೆ ಕೆಲವು ಮನೆಗಳಲ್ಲಿ ಜಗಲಿ ಹತ್ತಲು ಬಿಡುವುದಿಲ್ಲ. ಸಂಭಾವನೆಯೂ ಆ ದುಡಿಮೆಗೆ ತಕ್ಕಷ್ಟಿಲ್ಲ. ಅವರ ಮಕ್ಕಳು ಬೇರೆ ಕೆಲಸ ಹುಡುಕುವುದು ತಪ್ಪೇ? ದೈವದ ಮಾತು ಬೇಕು, ಮನುಷ್ಯ ಬೇಡ ಅಂದರೆ ಅದು ನಂಬಿಕೆ ಅಲ್ಲ ಅಂತ ನಾನು ಊರಿನ ಸಭೆಯಲ್ಲೂ ಹೇಳುತ್ತೇನೆ.

ನೋಡಲು ಬರುವುದಾದರೆ ಮೇ ಕೊನೆಗೆ ಬರುವ ಪತ್ತನಾಜೆಗೆ, ಅಂದರೆ ಕೋಲಗಳು ನಿಲ್ಲುವ ದಿನಕ್ಕೆ, ಮೊದಲು ಬನ್ನಿ. ಆಮೇಲೆ ಮಳೆಗಾಲ ಮುಗಿಯುವ ತನಕ ಕೋಲ ಇರುವುದಿಲ್ಲ. ನುಡಿಯ ಹೊತ್ತಿಗೆ ಮೊಬೈಲ್ ಒಳಗಿಡಿ. ಅಲ್ಲಿ ಬಿಚ್ಚಿಡುವುದು ಯಾರದೋ ಮನೆಯ ಸಂಕಟ.