ಡಿಸೆಂಬರ್ ಚಳಿಯಲ್ಲಿ ಕಿಲ್ಟ್ ಉಡಬೇಕಾಗಿದೆ, ಒಳಗೆ ಥರ್ಮಲ್ ಹಾಕಬಹುದಾ?

ಡಿಸೆಂಬರ್ ಕೊನೆಗೆ ಸ್ಕಾಟ್ಲೆಂಡಿನ ಇನ್ವರ್ನೆಸ್ ಹತ್ತಿರ ಸಹೋದ್ಯೋಗಿಯ ಮದುವೆ, ಗಂಡಿನ ಕಡೆಯವರು ಅಲ್ಲಿನ ಗಂಡಸರು ಮಂಡಿವರೆಗೆ ಉಡುವ ನೆರಿಗೆಯ ಕಿಲ್ಟನ್ನು ನಿಮಗೂ ಉಡಿಸಿಯೇ ತೀರುತ್ತೇವೆ ಅಂತಿದ್ದಾರೆ, ಒಳಗೆ ಪಾದದವರೆಗಿನ ಥರ್ಮಲ್ ಹಾಕಿಕೊಂಡರೆ ನಡೆಯುತ್ತಾ ಅಂತ ಕೇಳಿದ್ದೀರಿ. ನಡೆಯಲ್ಲ. ಮಂಡಿಯ ಹತ್ತಿರ ಕಪ್ಪು ಥರ್ಮಲ್ ಇಣುಕಿದರೆ ಮದುವೆ ಆಲ್ಬಮ್ಮಿನಲ್ಲಿ ಮದುಮಗನಿಗಿಂತ ನೀವೇ ಎದ್ದು ಕಾಣುತ್ತೀರಿ. ಅದರ ಅಗತ್ಯವೂ ಇಲ್ಲ. ನಾನಿರುವುದೂ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ. ಮದುವೆಗಳು, ಕವಿ ರಾಬರ್ಟ್ ಬರ್ನ್ಸ್ ಹುಟ್ಟಿದ ದಿನ ಜನವರಿ 25ರ ಬರ್ನ್ಸ್ ಊಟ ಅಂತ ಕಿಲ್ಟ್ ಉಟ್ಟಿದ್ದೆಲ್ಲ ಹೆಚ್ಚಾಗಿ ಚಳಿಗಾಲದಲ್ಲೇ.

ನಮ್ಮವರಿಗೆ ಕಿಲ್ಟ್ ಅಂದ ತಕ್ಷಣ ಪಂಚೆ ನೆನಪಾಗುತ್ತೆ, ಅದಕ್ಕೇ ಈ ಭಯ. ಆದರೆ ಸರಿಯಾದ ಕಿಲ್ಟಿಗೆ ಎಂಟು ಗಜ ಉಣ್ಣೆ ಬಟ್ಟೆ ಹೋಗುತ್ತೆ, ತೂಕ ಎರಡು ಕಿಲೋ ಹತ್ತಿರ. ಹಿಂದೆ ಒತ್ತೊತ್ತಾಗಿ ನೆರಿಗೆ, ಮುಂದೆ ಒಂದರ ಮೇಲೊಂದು ಎರಡು ಪದರ, ಅದರ ಮೇಲೆ ಸ್ಪೊರನ್ ಅನ್ನುವ ಚರ್ಮದ ಚೀಲದ ಭಾರ. ಸೊಂಟದಿಂದ ತೊಡೆಯವರೆಗೆ ಆಫೀಸಿನ ಪ್ಯಾಂಟಿಗಿಂತ ಬೆಚ್ಚಗಿರುತ್ತೆ. ಇದೆಲ್ಲ ಉಣ್ಣೆಯದಾದರೆ ಮಾತ್ರ. ಎಡಿನ್‌ಬರಾದ ರಾಯಲ್ ಮೈಲ್ ಬೀದಿಯಲ್ಲಿ ಪ್ರವಾಸಿಗರಿಗೆ ಮಾರುವ ಪಾಲಿಯೆಸ್ಟರ್ ಕಿಲ್ಟ್ ನೋಡಲು ಚೆಂದ, ಗಾಳಿ ಬೀಸಿದರೆ ಕೊಡೆಯ ಹಾಗೆ ಮೇಲೇಳುತ್ತೆ. ಬಾಡಿಗೆ ಅಂಗಡಿಯವರನ್ನು ಎರಡೇ ಪ್ರಶ್ನೆ ಕೇಳಿ: ಪೂರ್ತಿ ಉಣ್ಣೆಯಾ, ಬಟ್ಟೆ ಎಷ್ಟು ಔನ್ಸಿನದು (ಔನ್ಸ್ ಹೆಚ್ಚಿದಷ್ಟೂ ಬಟ್ಟೆ ದಪ್ಪ)? 16 ಔನ್ಸ್ ಸಿಕ್ಕರೆ ಕಣ್ಣು ಮುಚ್ಚಿ ತಗೊಳ್ಳಿ, 13 ಆದರೂ ಸಾಕು. ಹತ್ತು ಹನ್ನೊಂದು ಔನ್ಸಿನದು ಬೇಸಿಗೆಗಿರಲಿ.

ಉಡುವ ಎತ್ತರ ಮುಖ್ಯ. ಜೀನ್ಸ್ ಥರ ಸೊಂಟದ ಕೆಳಗೆ ಇಳಿಸಬೇಡಿ. ಪಟ್ಟಿ ಹೊಕ್ಕುಳಿನ ಮಟ್ಟದಲ್ಲಿ ಅಥವಾ ಇನ್ನೂ ಸ್ವಲ್ಪ ಮೇಲೆ ಬರಬೇಕು, ಅಂಚು ಮಂಡಿಯ ನಡುವಿಗೆ. ಆಗ ಬೆನ್ನಿನ ಕೆಳಭಾಗವೂ ಉಣ್ಣೆಯೊಳಗೆ ಸೇರಿಕೊಳ್ಳುತ್ತೆ. ಕಿಲ್ಟ್ ಪಿನ್ ಮೇಲಿನ ಪದರಕ್ಕೆ ಮಾತ್ರ ಚುಚ್ಚಿ. ಗಾಳಿಗೆ ಹಾರುತ್ತೆ ಅಂತ ಎರಡನ್ನೂ ಸೇರಿಸಿ ಚುಚ್ಚಿದರೆ ಕೂತು ಏಳುವಾಗ ಬಟ್ಟೆ ಹರಿಯುತ್ತೆ, ಅಂಗಡಿಯವರು ಡೆಪಾಸಿಟ್ ಹಿಡಿಯುತ್ತಾರೆ.

ಒಳಗೇನು ಅನ್ನುವುದು ಪ್ರತಿ ಮದುವೆಯಲ್ಲೂ ಯಾರೋ ಒಬ್ಬ ಅಜ್ಜಿ ಕೇಳಿ ನಗುವ ಪ್ರಶ್ನೆ. ಉತ್ತರ ಅವರಿಗೆ ಹೇಳಬೇಕಾಗಿಲ್ಲ. ನೀವು ಮಾತ್ರ ಸೈಕಲ್ ಸವಾರರು ಹಾಕುವಂಥ, ಮಂಡಿಯಿಂದ ಒಂದು ಗೇಣು ಮೇಲೇ ನಿಲ್ಲುವ ಬಿಗಿ ಚಡ್ಡಿ ಹಾಕಿ, ಮೆರಿನೋ ಉಣ್ಣೆಯದಾದರೆ ಇನ್ನೂ ಒಳ್ಳೆಯದು. ಬಾಡಿಗೆ ಕಿಲ್ಟಿಗೆ ಮರ್ಯಾದೆಯೂ ಅದೇ. ಡಿಸೆಂಬರಿನಲ್ಲಿ ಚರ್ಚಿನ ಕಲ್ಲುಬೆಂಚಿನ ಮೇಲೆ ಕೂತಾಗ ಒಳಗೆ ಏನೂ ಹಾಕಬಾರದು ಅನ್ನುವ ಸಂಪ್ರದಾಯ ಯಾರ ಸಹಾಯಕ್ಕೂ ಬರುವುದಿಲ್ಲ.

ಇನ್ನು ಕಾಲು. ಬರಿದಾಗಿರುವುದು ಮಂಡಿಯ ಸುತ್ತ ನಾಲ್ಕೈದು ಬೆರಳಗಲ ಅಷ್ಟೇ, ಅದನ್ನು ಅದರ ಪಾಡಿಗೆ ಬಿಡಿ. ಮೀನಖಂಡಕ್ಕೆ ದಪ್ಪ ಉಣ್ಣೆಯ ಹೋಸ್, ಅಂದರೆ ಮಂಡಿಯ ಕೆಳಗಿನವರೆಗೆ ಬರುವ ಉದ್ದ ಸಾಕ್ಸ್ ಬೇಕು. ಬಾಡಿಗೆ ಸೆಟ್ಟಿನ ಜೊತೆ ಬರುವುದು ಎಷ್ಟೋ ಸಲ ತೆಳುವಾಗಿರುತ್ತೆ, ಇದೊಂದನ್ನು ಸ್ವಂತಕ್ಕೆ ಕೊಂಡುಕೊಳ್ಳಿ. ಜಾರದಂತೆ ಕಟ್ಟುವ ಎಲಾಸ್ಟಿಕ್ ಬಿಗಿಯಾದರೆ ರಕ್ತ ಓಡದೆ ಪಾದ ಮರಗಟ್ಟುತ್ತೆ. ಎರಡು ಜೊತೆ ಸಾಕ್ಸ್ ತುರುಕಿ ಶೂ ಬಿಗಿಯಾದರೂ ಅದೇ ಕತೆ. ಶೂ ಅಂದರೆ ಗಿಲ್ಲಿ ಬ್ರೋಗ್. ಉದ್ದನೆಯ ಲೇಸನ್ನು ಕಾಲಿಗೆ ಸುತ್ತಿ ಕಟ್ಟುವ ಈ ಶೂವಿಗೆ ಲೇಸಿನ ಕೆಳಗಿನ ನಾಲಿಗೆಯೇ ಇರುವುದಿಲ್ಲ, ಮಂಜು ನೇರ ಸಾಕ್ಸಿಗೆ ಬೀಳುತ್ತೆ. ಚರ್ಮದ ಅಟ್ಟೆ ಹೆಪ್ಪುಗಟ್ಟಿದ ನೆಲದ ಮೇಲೆ ಜಾರುತ್ತೆ ಕೂಡ. ಬೂಟು ಹಾಕಿಕೊಂಡು ಹೋಗಿ, ಒಳಗೆ ಹೋದ ಮೇಲೆ ಬದಲಾಯಿಸಿ. ಯಾರೂ ಏನೂ ಅಂದುಕೊಳ್ಳಲ್ಲ.

ಕಿಲ್ಟಿನಲ್ಲಿ ಚಳಿಯಾಯಿತು ಅನ್ನುವವರಲ್ಲಿ ಹೆಚ್ಚಿನವರಿಗೆ ಚಳಿ ಹಿಡಿದಿರುವುದು ಸೊಂಟದಿಂದ ಮೇಲಿನ ಮೈಗೆ. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಾದ ಹೈಲ್ಯಾಂಡಿನವರ ಹಳೆಯ ಉಡುಪಾದ ಫೇಲೆ ಮೋರ್ ಒಂದೇ ದೊಡ್ಡ ಕಂಬಳಿಯಂಥ ಬಟ್ಟೆ. ಅರ್ಧಕ್ಕೆ ನೆರಿಗೆ ಹಿಡಿದು ಸೊಂಟಕ್ಕೆ ಬೆಲ್ಟ್ ಬಿಗಿದರೆ, ಉಳಿದರ್ಧ ಹೆಗಲಿಗೆ, ಮಳೆ ಬಂದರೆ ತಲೆಗೆ. ರಾತ್ರಿ ಬೆಲ್ಟ್ ಬಿಚ್ಚಿದರೆ ಅದೇ ಹಾಸಿಗೆ, ಅದೇ ಹೊದಿಕೆ. 18ನೇ ಶತಮಾನದಲ್ಲಿ ಮೇಲಿನರ್ಧ ಬಿಟ್ಟುಹೋಗಿ ಕೆಳಗಿನರ್ಧ ಮಾತ್ರ ಉಳಿದದ್ದೇ ಇವತ್ತಿನ ಕಿಲ್ಟ್. ಅಂದರೆ ನಿಮಗೆ ಕೊಡುತ್ತಿರುವುದು ಅರ್ಧ ಉಡುಪು. ಉಳಿದರ್ಧವನ್ನು ನೀವೇ ತುಂಬಿಕೊಳ್ಳಬೇಕು. ಎದೆ ಬೆಚ್ಚಗಿದ್ದರೆ ಕಾಲಿಗೆ ರಕ್ತ ಓಡುತ್ತಿರುತ್ತೆ. ಎದೆ ತಣ್ಣಗಾದರೆ ದೇಹ ಮೊದಲು ಕೈಕಾಲಿನ ಪಾಲನ್ನೇ ಕಡಿತ ಮಾಡುತ್ತೆ. ಶರ್ಟಿನೊಳಗೆ ತೆಳು ಮೆರಿನೋ ಬನಿಯನ್ ಇರಲಿ. ಪ್ರಿನ್ಸ್ ಚಾರ್ಲಿ ಅನ್ನುವ ಗಿಡ್ಡ ಸಮಾರಂಭದ ಜಾಕೆಟ್ ಕೊಟ್ಟರೆ ಅದರ ವೇಸ್ಟ್‌ಕೋಟ್ ಎದೆ ಪೂರ್ತಿ ಮುಚ್ಚುವುದಿಲ್ಲ. ಐದು ಗುಂಡಿಯ ವೇಸ್ಟ್‌ಕೋಟ್ ಇರುವ ಟ್ವೀಡ್ ಜಾಕೆಟ್ ಕೇಳಿ. ಫೋಟೋಗೆ ನಿಲ್ಲುವ ಹೊತ್ತು ಬಿಟ್ಟು ಉಳಿದಾಗೆಲ್ಲ ಮಂಡಿವರೆಗಿನ ಕೋಟು, ಕೈಗವಸು, ಮಫ್ಲರ್. ಫೋಟೋಗ್ರಾಫರ್ ಹೇಗೂ ನಿಮ್ಮನ್ನು ಮಧ್ಯಾಹ್ನವೇ ಹೊರಗೆಳೆಯುತ್ತಾರೆ, ಅಲ್ಲಿ ಆಗ ಮೂರೂವರೆ ಸುಮಾರಿಗೆಲ್ಲ ಸೂರ್ಯ ಮುಳುಗುತ್ತೆ.

ಹವಾಮಾನ ನೋಡುವಾಗ ಬರೀ ಡಿಗ್ರಿ ನೋಡಬೇಡಿ. ಒಣಗಿದ ಮೈನಸ್ ಮೂರು ಆರಾಮು. ಗಾಳಿಮಳೆಯ ಪ್ಲಸ್ ನಾಲ್ಕು ನರಕ. ಉಣ್ಣೆ ಸ್ವಲ್ಪ ತೇವ ಹೀರಿದರೂ ಬೆಚ್ಚಗಿಡುತ್ತೆ, ಪೂರ್ತಿ ನೆನೆದರೆ ಮಾತ್ರ ಭಾರವಾಗಿ ಕಾಲಿಗೆ ಉಜ್ಜುತ್ತೆ. ಮೊದಲ ಮಹಾಯುದ್ಧದ ಕಂದಕಗಳಲ್ಲಿ ಸ್ಕಾಟಿಷ್ ಸೈನಿಕರ ಕಿಲ್ಟಿನ ಕೆಸರು ಮೆತ್ತಿದ ಅಂಚು ಹೆಪ್ಪುಗಟ್ಟಿ ಮಂಡಿಯ ಹಿಂಭಾಗವನ್ನು ಕೊಯ್ಯುತ್ತಿತ್ತು. ನಿಮಗೆ ಅಷ್ಟೆಲ್ಲ ಆಗಲ್ಲ, ದೊಡ್ಡ ಕೊಡೆ ಸಾಕು, ಗಾಳಿ ಅದನ್ನು ಉಳಿಸಿದರೆ.

ವಿಸ್ಕಿ ಕುಡಿದರೆ ಬೆಚ್ಚಗಾಗುತ್ತೆ ಅಂತ ಎಲ್ಲರೂ ಲೋಟ ಚಾಚುತ್ತಾರೆ. ಕುಡಿಯಿರಿ, ಆದರೆ ಒಳಗೆ ಬಂದ ಮೇಲೆ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಮೈಯ ಶಾಖವನ್ನು ಹೊರಗೆ ಬಿಡುತ್ತೆ.

ಊಟದ ನಂತರ ಕೇಲಿ ಅನ್ನುವ ಸ್ಕಾಟಿಷ್ ಗುಂಪು ಕುಣಿತ ಶುರುವಾದಾಗ ನಿಮ್ಮ ಕಷ್ಟ ಪೂರ್ತಿ ತಿರುಗಾಮುರುಗಾ. ಸ್ಟ್ರಿಪ್ ದ ವಿಲ್ಲೋ ಅನ್ನುವ ಕುಣಿತದಲ್ಲಿ ಸಾಲಿನುದ್ದಕ್ಕೂ ಒಬ್ಬೊಬ್ಬರ ಕೈ ಹಿಡಿದು ಗಿರಗಿರ ತಿರುಗಬೇಕು, ಎರಡು ಸುತ್ತಿಗೆ ಬೆವರು ಇಳಿಯುತ್ತೆ. ಬನಿಯನ್ ತೆಳುವಾಗಿರಲಿ ಅಂದದ್ದು ಇದಕ್ಕೇ. ಮದುಮಗ ಜಾಕೆಟ್ ಕಳಚಿದ ಮೇಲೆ ನೀವೂ ಕಳಚಿ. ಬೂಟಿನ ಚೀಲದಲ್ಲಿ ಇನ್ನೊಂದು ಬನಿಯನ್, ಒಣ ಸಾಕ್ಸ್ ಇಟ್ಟುಕೊಳ್ಳಿ, ಬೆವರಿದ ಮೈಯಲ್ಲಿ ನಡುರಾತ್ರಿ ಹೊರಗೆ ಟ್ಯಾಕ್ಸಿ ಕಾಯುವುದೇ ಇಡೀ ದಿನದ ಅತಿ ಚಳಿಯ ಹೊತ್ತು. ಟ್ಯಾಕ್ಸಿ ಇವತ್ತೇ ಬುಕ್ ಮಾಡಿಬಿಡಿ, ವರ್ಷದ ಕೊನೆಯಲ್ಲಿ ಹೈಲ್ಯಾಂಡಿನಲ್ಲಿ ಆ ಹೊತ್ತಿಗೆ ಸಿಗುವ ಭರವಸೆ ಇಟ್ಟುಕೊಳ್ಳಬೇಡಿ.